ಸ್ಕಿಮ್ಮರ್ ಕೆಳಗಿನ ನೀರಿನ ಮಟ್ಟ: ಅಡ್ಡಗಾಜು, ಬಾಲ್ ವಾಲ್ವ್, ಆಟೋ ಟಾಪ್ ಅಪ್, ನಿಮಗೆ ಯಾವುದು?

ಶಿವರಾತ್ರಿ ಕಳೆದರೆ ಸಾಕು, ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಂದ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಜಾಡು ಹಿಡಿಯುತ್ತವೆ: ನೀರಿನ ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಜಾಡು. ಈ ಸಲ ಸಿಂಧನೂರಿನ ಮೇಷ್ಟ್ರೊಬ್ಬರು ಕೇಳಿದರು: "ಸರ್, ಜನವರಿಯಲ್ಲಿ ಚೆನ್ನಾಗಿ ನೊರೆ ತೆಗೆಯುತ್ತಿದ್ದ ಸ್ಕಿಮ್ಮರ್ ಈಗ ಬೆಳಿಗ್ಗೆ ಒಣಗಿರುತ್ತೆ. ಸಂಜೆ ನೀರು ಹಾಕಿದರೆ ಉಕ್ಕಿ ಚೆಲ್ಲುತ್ತೆ. ಕೆಟ್ಟಿದೆಯಾ?" ರಾಯಚೂರಿನ ಹುಡುಗನೊಬ್ಬ ಮೂರು ಆಯ್ಕೆ ಮುಂದಿಟ್ಟ: "ಅಣ್ಣ, ಆಟೋ ಟಾಪ್ ಅಪ್ ತಗೊಳ್ಳಲಾ, ಸಂಪ್ ಬದಲಾಯಿಸಲಾ, ಇಲ್ಲ ಬೇರೆ ಸ್ಕಿಮ್ಮರ್ರೇ ತಗೊಳ್ಳಲಾ? ಕೈಯಲ್ಲಿ ಐದು ಸಾವಿರ ಇದೆ."

ಇಬ್ಬರ ಸ್ಕಿಮ್ಮರೂ ಕೆಟ್ಟಿಲ್ಲ. ಅದು ನಿಂತಿರುವ ನೀರು ಏರಿಳಿಯುತ್ತಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಒಣ ಬಿಸಿಲಿನಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟ ಎಲ್ಲರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ.

ಹೊಸಬರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಸಂಪ್ ಅಂದರೆ ನೆಲದಡಿಯ ನೀರಿನ ತೊಟ್ಟಿ. ಇಲ್ಲಿ ಹೇಳುತ್ತಿರುವುದು ಅಕ್ವೇರಿಯಂ ಕೆಳಗಿನ ಕಪಾಟಿನಲ್ಲಿ ಇರುವ ಗಾಜಿನ ಪೆಟ್ಟಿಗೆ. ಮೇಲಿನ ತೊಟ್ಟಿಯ ನೀರು ಪೈಪಿನಲ್ಲಿ ಅದಕ್ಕೆ ಇಳಿಯುತ್ತದೆ, ಸ್ಕಿಮ್ಮರ್ ದಾಟುತ್ತದೆ, ಕೊನೆಯ ಖಾನೆಯ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಆಟೋ ಟಾಪ್ ಅಪ್ ಅಂದರೆ ಆವಿಯಾಗಿ ಹೋದ ನೀರನ್ನು ತಾನೇ ತುಂಬುವ ಸಾಧನ.

ಮಟ್ಟ ಏಕೆ ಇಷ್ಟು ಮುಖ್ಯ

ಸ್ಕಿಮ್ಮರ್ ನೀರಿಗೆ ಸಣ್ಣ ಸಣ್ಣ ಗಾಳಿಗುಳ್ಳೆ ಬೆರೆಸುತ್ತದೆ. ಮೀನಿನ ಹೊಲಸು, ಉಳಿದ ಆಹಾರದಿಂದ ಕರಗಿದ ಪ್ರೋಟೀನು, ಜಿಡ್ಡು ಆ ಗುಳ್ಳೆಗಳಿಗೆ ಅಂಟಿಕೊಳ್ಳುತ್ತವೆ. ನೊರೆಯಾಗಿ ಕುತ್ತಿಗೆ ಏರಿ ಮೇಲಿನ ಕಪ್ಪಿಗೆ ಬೀಳುತ್ತವೆ. ನೊರೆ ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಹೊರಗಿನ ನೀರಿನ ಎತ್ತರವೂ ತೀರ್ಮಾನಿಸುತ್ತದೆ. ಹೊರಗೆ ನೀರು ಏರಿದರೆ ಸ್ಕಿಮ್ಮರ್ ಒಳಗಿನ ನೀರು ಹೊರಬರಲು ತಡೆ ಜಾಸ್ತಿಯಾಗುತ್ತದೆ. ಒಳಗೆ ಮಟ್ಟ ಏರಿ, ನೊರೆಯ ಬದಲು ತೆಳ್ಳಗಿನ ನೀರೇ ಕಪ್ಪಿಗೆ ನುಗ್ಗುತ್ತದೆ. ಹೊರಗೆ ಇಳಿದರೆ ನೊರೆ ಅರ್ಧ ದಾರಿಯಲ್ಲೇ ಒಡೆದು ಹೋಗುತ್ತದೆ. ಸಂಪ್ ಒಳಗೆ ನಿಲ್ಲುವ ಸ್ಕಿಮ್ಮರ್‌ಗಳಿಗೆ ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ನೀರು ಬೇಕು. ನಿಮ್ಮ ಮಾಡೆಲ್‌ಗೆ ಎಷ್ಟು ಅನ್ನುವುದು ಡಬ್ಬಿಯ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಮೊದಲು ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಈಗ ಆವಿಯ ಲೆಕ್ಕ. ನನ್ನದು ಒಟ್ಟು 200 ಲೀಟರಿನ ತೊಟ್ಟಿ. ಚಳಿಗಾಲದಲ್ಲಿ ದಿನಕ್ಕೆ ಎರಡು ಎರಡೂವರೆ ಲೀಟರ್ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿ, ತೊಟ್ಟಿ ತಣಿಸಲು ಫ್ಯಾನ್ ಹಾಕಿದಾಗ ಆರು ಲೀಟರ್ ಮುಟ್ಟುತ್ತದೆ. ಸಂಪ್ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ಒಳಗೆ ಖಾನೆಗಳೇ ಇಲ್ಲ ಅಂದುಕೊಳ್ಳಿ. ಆರು ಲೀಟರ್ ಹೋದರೆ ಮಟ್ಟ 1.7 ಸೆಂ.ಮೀ. ಇಳಿಯುತ್ತದೆ. ಅಷ್ಟು ಸಾಕು, ಎಷ್ಟೋ ಸ್ಕಿಮ್ಮರ್‌ಗಳು ನೊರೆ ತೆಗೆಯುವುದನ್ನೇ ನಿಲ್ಲಿಸುತ್ತವೆ. ಸಂಜೆ ಆರೂ ಲೀಟರ್ ಒಟ್ಟಿಗೆ ಸುರಿದರೆ ಮಟ್ಟ ಒಮ್ಮೆಲೇ ಏರಿ ಕಪ್ ತುಂಬಿ ಚೆಲ್ಲುತ್ತದೆ. ಮೇಷ್ಟ್ರ ಮನೆಯಲ್ಲಿ ಆಗುತ್ತಿದ್ದದ್ದು ಇದೇ.

"ಹಾಗಾದರೆ ಮೇಲೆ ಗಾಜು ಮುಚ್ಚಿ ಆವಿಯನ್ನೇ ತಡೆದರೆ?" ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಅದು ಬೇಡ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ಆರು ಲೀಟರ್ ಅಂದರೆ ನಾಲ್ಕು ಯೂನಿಟ್. ನಮ್ಮದು ಒಣ ಗಾಳಿ, ಅದಕ್ಕೇ ಇಲ್ಲಿ ಏರ್ ಕೂಲರ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಅಲ್ವಾ? ತೊಟ್ಟಿಯ ಫ್ಯಾನ್ ಕೆಲಸವೂ ಅದೇ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್ ಇಟ್ಟವರಿಗೆ ಆವಿ ಕಡಿಮೆ, ಕರೆಂಟ್ ಬಿಲ್ ಜಾಸ್ತಿ. ಚಿಲ್ಲರ್ ಇಲ್ಲದವರಿಗೆ ಆ ಆವಿಯೇ ಮೀನಿನ ಜೀವ ಕಾಯುತ್ತಿದೆ. ಹೋದ ನೀರನ್ನು ಸರಿಯಾಗಿ ತುಂಬುವ ದಾರಿ ಹುಡುಕಬೇಕು, ಅಷ್ಟೇ.

ಏನನ್ನು ನೋಡಿ ಆರಿಸಬೇಕು

ನಾನು ಯಾವುದೇ ಸಾಮಾನಿಗೆ ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಹಾಕಿಕೊಳ್ಳುತ್ತೇನೆ.

ಇದು ಸ್ಕಿಮ್ಮರ್ ನಿಂತ ಖಾನೆಯ ಮಟ್ಟವನ್ನು ಹಿಡಿದಿಡುತ್ತದೆಯೇ? ಇದು ಉಪ್ಪಿನಂಶವನ್ನೂ ಹಿಡಿದಿಡುತ್ತದೆಯೇ? ಈ ಎರಡು ಬೇರೆ ಬೇರೆ ಪ್ರಶ್ನೆಗಳು. ಜನ ಒಂದೇ ಅಂದುಕೊಳ್ಳುವುದರಿಂದಲೇ ತಪ್ಪು ಸಾಮಾನು ಮನೆಗೆ ಬರುತ್ತದೆ. ಆವಿಯಾಗುವುದು ಸಿಹಿನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಸಾವಿರಕ್ಕೆ 35 ಭಾಗ ಉಪ್ಪು. 200 ಲೀಟರಿನಲ್ಲಿ ಎರಡು ದಿನ ನೀರು ತುಂಬದೆ 12 ಲೀಟರ್ ಹೋದರೆ ಅದು 37 ದಾಟುತ್ತದೆ. ಹಾಗಾಗಿ ತುಂಬಬೇಕಾದದ್ದು ಯಾವಾಗಲೂ ಸಿಹಿನೀರು, ಉಪ್ಪು ಬೆರೆಸಿದ್ದಲ್ಲ.

ಮೂರನೆಯದು, ಕರೆಂಟ್ ಹೋದಾಗ, ಮತ್ತೆ ಬಂದಾಗ ಏನಾಗುತ್ತದೆ? ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ವಿದ್ಯುತ್ ಸ್ಥಾವರಗಳಿವೆ ನಿಜ. ಆದರೂ ಬೇಸಿಗೆಯಲ್ಲಿ ಗಾಳಿ ಮಳೆ ಬಂದ ಸಂಜೆ ಕರೆಂಟ್ ಹೋಗುವುದು ನಮಗೆಲ್ಲ ಗೊತ್ತು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಇದು ಕೈಕೊಟ್ಟರೆ ಎಷ್ಟು ಹಾನಿ? ಬೆಲೆ, ನೀವು ಮನೆ ಬಿಟ್ಟು ಎಷ್ಟು ದಿನ ಹೊರಗಿರುತ್ತೀರಿ ಅನ್ನುವುದು ಆಮೇಲೆ.

ಕೈಯಿಂದ ತುಂಬುವುದು, ಕೆಳಗೆ ಸ್ಟ್ಯಾಂಡ್ ಇಡುವುದು

ಸಂಪ್ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಬೆಳಿಗ್ಗೆ ಸಂಜೆ ಆ ಗೆರೆಯವರೆಗೆ ತುಂಬುವುದು. ಖರ್ಚಿಲ್ಲ. ಸದಾ ಮನೆಯಲ್ಲಿ ಯಾರಾದರೂ ಇರುವವರಿಗೆ, ಚಳಿಗಾಲದಲ್ಲಿ, ಇದು ಸಾಕು. ಒಂದೇ ಸಲ ಸುರಿಯಬೇಡಿ. ಕ್ಯಾನಿಗೆ ಡ್ರಿಪ್ ನಳಿಕೆ ಸಿಕ್ಕಿಸಿ ನಿಧಾನಕ್ಕೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಇದನ್ನೇ ನಂಬಿ ಊರಿಗೆ ಹೋಗಬೇಡಿ.

ಸಂಪ್ ನೀರು ಸದಾ ಬೇಕಾದದ್ದಕ್ಕಿಂತ ಆಳವಿದ್ದರೆ ಸ್ಕಿಮ್ಮರ್ ಕೆಳಗೆ ಸ್ಟ್ಯಾಂಡ್ ಇಡಬಹುದು. ನೀರು 28 ಸೆಂ.ಮೀ., ಸ್ಕಿಮ್ಮರ್‌ಗೆ ಬೇಕಾದದ್ದು 20 ಆದರೆ 8 ಸೆಂ.ಮೀ. ಎತ್ತರಿಸಿ. ಅಕ್ರಿಲಿಕ್ ಅಥವಾ ಗಾಜಿನ ತುಂಡು ಸಾಕು. ಇಟ್ಟಿಗೆ, ಸಿಮೆಂಟ್, ಕಬ್ಬಿಣ, ಗೊತ್ತಿಲ್ಲದ ಕಲ್ಲು ಬೇಡ. ಅದರಲ್ಲೂ ನಮ್ಮ ಸಂಡೂರು, ಹೊಸಪೇಟೆ ಕಡೆಯ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರಬಹುದು. ಒಂದು ನೆನಪಿರಲಿ. ಸ್ಟ್ಯಾಂಡ್ ಎತ್ತರವನ್ನು ಸರಿಮಾಡುತ್ತದೆ, ಏರಿಳಿತವನ್ನಲ್ಲ.

ಅಡ್ಡಗಾಜು: ನನ್ನ ಮೊದಲ ಆಯ್ಕೆ

ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆ ನೋಡಿರುತ್ತೀರಿ. ಮೇಲಿನ ಗದ್ದೆಯಲ್ಲಿ ನೀರು ಎಷ್ಟು ನಿಲ್ಲಬೇಕು ಅನ್ನುವುದನ್ನು ಬದುವಿನಲ್ಲಿ ಕಡಿದ ಬಾಯಿ ತೀರ್ಮಾನಿಸುತ್ತದೆ. ಮೇಲಿಂದ ನೀರು ಬರುತ್ತಿರುವಷ್ಟು ಹೊತ್ತು ಆ ಗದ್ದೆಯ ಮಟ್ಟ ಅಲುಗುವುದಿಲ್ಲ. ಕೊರತೆ ಬಿದ್ದರೆ ಅದು ಕಾಣುವುದು ಕಾಲುವೆಯ ಕೊನೆಯ ಗದ್ದೆಯಲ್ಲಿ. ಸಂಪ್‌ನಲ್ಲಿ ಅಡ್ಡಗಾಜು ಮಾಡುವುದೂ ಇದನ್ನೇ. ಸ್ಕಿಮ್ಮರ್ ಖಾನೆಯ ನೀರು ಗಾಜಿನ ಮೇಲಂಚಿನಿಂದ ಮುಂದಿನ ಖಾನೆಗೆ ಬೀಳುತ್ತದೆ. ಮೇಲಿನ ತೊಟ್ಟಿಯಿಂದ ನೀರು ಬರುತ್ತಿರುವವರೆಗೆ ಸ್ಕಿಮ್ಮರ್ ಖಾನೆ ಅಷ್ಟಕ್ಕೇ ನಿಲ್ಲುತ್ತದೆ. ಆವಿಯ ಪೂರ್ತಿ ಕೊರತೆ ಕೊನೆಯ ರಿಟರ್ನ್ ಪಂಪ್ ಖಾನೆಗೆ ಹೋಗುತ್ತದೆ.

ಕೆಲವು ನೂರು ರೂಪಾಯಿಯ ಗಾಜು, ಒಂದು ಟ್ಯೂಬ್ ಸಿಲಿಕೋನ್. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಸಮಸ್ಯೆಯನ್ನು ಬಗೆಹರಿಸುವ ಬೇರೆ ಉಪಾಯ ನನಗೆ ಕಂಡಿಲ್ಲ. ಓಡುವ ಭಾಗವಿಲ್ಲ, ಕರೆಂಟ್ ಬೇಡ, ಕೆಡುವಂಥದ್ದು ಏನೂ ಇಲ್ಲ.

ಎತ್ತರದ ಲೆಕ್ಕ ಮಾತ್ರ ಸರಿಯಾಗಿ ಮಾಡಬೇಕು. ನೀರು ಗಾಜಿನ ಅಂಚಿನ ಮೇಲೆ ಸ್ವಲ್ಪ ದಪ್ಪವಾಗಿ ಹರಿಯುತ್ತದೆ. 40 ಸೆಂ.ಮೀ. ಅಗಲದ ಗಾಜಿನ ಮೇಲೆ ಗಂಟೆಗೆ 1000 ಲೀಟರ್ ಹರಿದರೆ ಸುಮಾರು 5 ಮಿ.ಮೀ., 2000 ಲೀಟರ್ ಹರಿದರೆ ಸುಮಾರು 8 ಮಿ.ಮೀ. ಸ್ಕಿಮ್ಮರ್‌ಗೆ 20 ಸೆಂ.ಮೀ. ಬೇಕಿದ್ದರೆ ಗಾಜು 19.5 ಇರಲಿ. ಅನುಮಾನವಿದ್ದರೆ ಕಡಿಮೆಯೇ ಇಡಬೇಡಿ, ತುಸು ಎತ್ತರವಿಡಿ. ಎತ್ತರವಾದರೆ ಸ್ಕಿಮ್ಮರ್ ಕೆಳಗೆ ತೆಳು ಸ್ಟ್ಯಾಂಡ್ ಇಡಬಹುದು. ಗಿಡ್ಡವಾದರೆ ಗಾಜನ್ನು ಕಿತ್ತು ಮತ್ತೆ ಅಂಟಿಸಬೇಕು.

ಇನ್ನೊಂದು ತಪ್ಪನ್ನು ಪದೇ ಪದೇ ನೋಡಿದ್ದೇನೆ. ಗುಳ್ಳೆ ತಡೆಯಲು ಹಾಕುವ ಗಾಜುಗಳಲ್ಲಿ ಕೆಲವು ತಳದಿಂದ ಎತ್ತರಿಸಿರುತ್ತವೆ, ನೀರು ಅವುಗಳ ಕೆಳಗಿನಿಂದ ಹೋಗುತ್ತದೆ. ಅಂಥ ಗಾಜು ಮಟ್ಟ ಹಿಡಿಯುವುದಿಲ್ಲ. ತಳಕ್ಕೂ ಎರಡು ಬದಿಗೂ ಪೂರ್ತಿ ಅಂಟಿದ, ನೀರು ಮೇಲಿನಿಂದ ದಾಟುವ ಗಾಜು ಒಂದಾದರೂ ಇರಲೇಬೇಕು. ಸಿಲಿಕೋನ್ ಕೊಳ್ಳುವಾಗ ಬಾತ್‌ರೂಮಿಗೆ ಹಾಕುವ, ಬೂಷ್ಟು ತಡೆಯುವ ಔಷಧಿ ಸೇರಿಸಿದ್ದು ಬೇಡ. ಅಕ್ವೇರಿಯಂಗೆ ಅಂತಲೇ ಬರೆದದ್ದು ತನ್ನಿ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಡಿ.

ಕೊರತೆ ಏನು? ಇದು ಉಪ್ಪಿನಂಶವನ್ನು ಕಾಯುವುದಿಲ್ಲ. ಜೊತೆಗೆ ರಿಟರ್ನ್ ಖಾನೆ ಬೇಗ ಬತ್ತುತ್ತದೆ. ಆ ಖಾನೆ 25 ಸೆಂ.ಮೀ. ಉದ್ದ, 40 ಅಗಲ ಇದ್ದರೆ ಒಂದು ಲೀಟರಿಗೆ ಒಂದು ಸೆಂ.ಮೀ. ಇಳಿಯುತ್ತದೆ. ಏಪ್ರಿಲ್‌ನ ಒಂದೇ ದಿನಕ್ಕೆ ಆರು ಸೆಂ.ಮೀ. ಎರಡು ದಿನ ನೋಡದಿದ್ದರೆ ಪಂಪ್ ಗಾಳಿ ಎಳೆಯಲು ಶುರುಮಾಡುತ್ತದೆ. ಆದ್ದರಿಂದ ಅಡ್ಡಗಾಜಿನ ಜೊತೆ ನೀರು ತುಂಬುವ ಏರ್ಪಾಡು ಒಂದು ಇರಲೇಬೇಕು. ಯಾವುದು ಅನ್ನುವುದನ್ನು ಈಗ ನೋಡೋಣ.

ಬಾಲ್ ವಾಲ್ವ್

ನಿಮ್ಮ ಏರ್ ಕೂಲರಿನಲ್ಲಿ, ಮನೆ ಮೇಲಿನ ಟ್ಯಾಂಕಿನಲ್ಲಿ ಇರುವುದೇ ಇದು. ನೀರು ಇಳಿದರೆ ಬುರುಡೆ ಇಳಿದು ಬಾಯಿ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ರಿಟರ್ನ್ ಖಾನೆಯಲ್ಲಿ ಒಂದು ವಾಲ್ವ್, ಸಂಪ್‌ಗಿಂತ ಎತ್ತರದಲ್ಲಿ ಸಿಹಿನೀರಿನ ಡಬ್ಬ, ನಡುವೆ ತೆಳು ಪೈಪ್. ಕೂಲರಿನ ವಾಲ್ವ್‌ನಲ್ಲಿ ಹಿತ್ತಾಳೆ, ಕಬ್ಬಿಣ ಇರಬಹುದು, ಅದು ಬೇಡ. ನೀರು ಶುದ್ಧಿ ಮಾಡುವ ಆರ್‌ಒ ಮಷಿನ್ ಒಳಗೆ ಇರುವ ಪೂರ್ತಿ ಪ್ಲಾಸ್ಟಿಕ್ಕಿನ ಸಣ್ಣ ವಾಲ್ವ್ ಸರಿಯಾಗಿ ಹೊಂದುತ್ತದೆ. ಆರ್‌ಒ ರಿಪೇರಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಇದಕ್ಕೆ ಕರೆಂಟ್ ಬೇಡ. ಕರೆಂಟ್ ಹೋದಾಗ ಮೇಲಿನ ನೀರು ಇಳಿದು ಸಂಪ್ ಏರುವುದರಿಂದ ವಾಲ್ವ್ ಮುಚ್ಚಿಯೇ ಇರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಇದು ಒಳ್ಳೆಯದು. ಆದರೆ ಬಾಯಿಗೆ ಉಪ್ಪು ಕಟ್ಟುತ್ತದೆ. ಬಸವನಹುಳು ಹತ್ತಿ ಕೂತರೆ ಬುರುಡೆ ಮೇಲೇಳುವುದಿಲ್ಲ, ನೀರು ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ತೊಳೆಯಬೇಕು. ಕಪಾಟಿನಲ್ಲಿ ಡಬ್ಬ ಎತ್ತರಕ್ಕಿಡಲು ಜಾಗವಿಲ್ಲದವರಿಗೆ ಇದು ಆಗದು.

ಈ ಪೈಪನ್ನು ಮಾಳಿಗೆ ಮೇಲಿನ ಟ್ಯಾಂಕಿಗೋ ಆರ್‌ಒ ಮಷಿನ್ನಿಗೋ ನೇರ ಜೋಡಿಸಬೇಡಿ. ದಯವಿಟ್ಟು ಬೇಡ. ವಾಲ್ವ್ ಕೈಕೊಟ್ಟ ರಾತ್ರಿ ನೀರಿಗೆ ಕೊನೆಯೇ ಇರುವುದಿಲ್ಲ. ಬೇರೆ ಡಬ್ಬವಿದ್ದರೆ ಹಾನಿಗೆ ಒಂದು ಮಿತಿ ಇರುತ್ತದೆ. 200 ಲೀಟರ್ ತೊಟ್ಟಿಗೆ 20 ಲೀಟರ್ ಕ್ಯಾನ್ ಪೂರ್ತಿ ಸುರಿದರೂ ಉಪ್ಪಿನಂಶ 35ರಿಂದ 32ರ ಹತ್ತಿರ ಬರುತ್ತದೆ. ಮೀನು ತಡೆದುಕೊಳ್ಳುತ್ತದೆ, ಹವಳಕ್ಕೆ ಕಷ್ಟ, ಆದರೂ ಸರಿಮಾಡಬಹುದು. ಆ 20 ಲೀಟರಿಗೆ ಸಂಪ್‌ನಲ್ಲಿ ಖಾಲಿ ಜಾಗ ಇರಬೇಕು ಅನ್ನುವುದೂ ನೆನಪಿರಲಿ, ಇಲ್ಲದಿದ್ದರೆ ನೆಲಕ್ಕೆ ಚೆಲ್ಲುತ್ತದೆ.

ಸೆನ್ಸರ್ ಇರುವ ಆಟೋ ಟಾಪ್ ಅಪ್

ರಿಟರ್ನ್ ಖಾನೆಯಲ್ಲಿ ಒಂದು ಸೆನ್ಸರ್, ಸಿಹಿನೀರಿನ ಡಬ್ಬದಲ್ಲಿ ಒಂದು ಪುಟ್ಟ ಪಂಪ್. ನೀರು ಕೆಲವೇ ಮಿ.ಮೀ. ಇಳಿದರೂ ಪಂಪ್ ಓಡಿ ತುಂಬುತ್ತದೆ. ಹವಳ ಸಾಕುವವರಿಗೆ, ಕೆಲಸದ ಮೇಲೆ ಎರಡು ಮೂರು ದಿನ ಹೊರಗಿರುವವರಿಗೆ ಇದೇ ಸರಿ. ಡಬ್ಬ ಕೆಳಗಿದ್ದರೂ ನಡೆಯುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಎರಡನೆಯ ಸೆನ್ಸರ್. ಒಂದೇ ಸೆನ್ಸರಿನ ಅಗ್ಗದ ಸೆಟ್‌ಗಳು ಕೆಲವು ಸಾವಿರಕ್ಕೆ ಸಿಗುತ್ತವೆ. ಅದರ ಮೇಲೆ ಉಪ್ಪು ಕಟ್ಟಿದರೆ, ಗುಳ್ಳೆ ಕೂತರೆ, ನೀರು ಕಡಿಮೆಯಿದೆ ಅಂದುಕೊಂಡು ಪಂಪ್ ಓಡುತ್ತಲೇ ಇರುತ್ತದೆ. ಟುನ್ಜ಼ೆ ಕಂಪನಿಯ ಓಸ್ಮೋಲೇಟರ್‌ನಂಥವುಗಳಲ್ಲಿ ಬೆಳಕಿನ ಸೆನ್ಸರ್ ಜೊತೆ ಕಾವಲಿಗೆ ಒಂದು ಫ್ಲೋಟ್ ಸ್ವಿಚ್ ಕೂಡ ಇರುತ್ತದೆ. ಬೆಲೆ ಹಲವು ಪಟ್ಟು. ನನ್ನ ಅಭಿಪ್ರಾಯ ಕೇಳಿದರೆ, ದುಬಾರಿ ಹವಳ ಇದ್ದವರು ಆ ಬೆಲೆ ಕೊಡಲಿ. ಬರೀ ಮೀನು ಇರುವ ತೊಟ್ಟಿಗೆ ಅಗ್ಗದ್ದೇ ಸಾಕು, ಡಬ್ಬ ಮಾತ್ರ ಚಿಕ್ಕದಿರಲಿ. ಮನೆ ಟ್ಯಾಂಕಿಗೆ ಹಾಕುವ ಲೋಹದ ಕಡ್ಡಿಗಳ ಲೆವೆಲ್ ಕಂಟ್ರೋಲರ್ ಅಗ್ಗವೆಂದು ತರಬೇಡಿ. ಉಪ್ಪುನೀರು ಆ ಕಡ್ಡಿಗಳನ್ನು ತಿಂದುಹಾಕುತ್ತದೆ, ಆ ಲೋಹ ನೀರಿಗೆ ಸೇರುತ್ತದೆ.

ಪೈಪಿನ ತುದಿ ಎಲ್ಲಿ ಬಿಡುತ್ತೀರಿ ಅನ್ನುವುದೂ ಮುಖ್ಯ. ಡಬ್ಬದ ನೀರಿನ ಮಟ್ಟಕ್ಕಿಂತ ತುದಿ ಕೆಳಗಿದ್ದರೆ ಪಂಪ್ ನಿಂತ ಮೇಲೂ ನೀರು ತನ್ನಷ್ಟಕ್ಕೆ ಹರಿಯುತ್ತದೆ. ತುದಿ ಡಬ್ಬದ ನೀರಿಗಿಂತ ಎತ್ತರದಲ್ಲಿ, ಸಂಪ್ ನೀರನ್ನು ಮುಟ್ಟದೆ ಇರಬೇಕು.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಮೂರು ವರ್ಷದ ಹಿಂದೆ ಅಡ್ಡಗಾಜು ಇಲ್ಲದ ಸಂಪ್‌ಗೆ ಆಟೋ ಟಾಪ್ ಅಪ್ ಹಾಕಿ, ಸ್ಕಿಮ್ಮರ್ ಕಪ್ಪಿನಿಂದ ಒಂದು ಪೈಪನ್ನು ಹೊರಗಿನ ಬಕೆಟ್ಟಿಗೆ ಬಿಟ್ಟಿದ್ದೆ. ಮದುವೆಗೆಂದು ಗಂಗಾವತಿಗೆ ಹೋದ ರಾತ್ರಿ ಸ್ಕಿಮ್ಮರ್ ಉಕ್ಕಿತು. ಉಪ್ಪುನೀರು ಬಕೆಟ್ಟಿಗೆ ಹೋಯಿತು. ಸಂಪ್ ಇಳಿಯಿತು ಅಂತ ಸೆನ್ಸರ್ ಸಿಹಿನೀರು ತುಂಬಿತು. ಮತ್ತೆ ಉಕ್ಕಿತು, ಮತ್ತೆ ತುಂಬಿತು. ಯಂತ್ರಗಳು ಎರಡೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದವು. ನಾನು ಬಂದಾಗ ಉಪ್ಪಿನಂಶ 29ಕ್ಕೆ ಇಳಿದಿತ್ತು. ಎರಡು ಹವಳ ಉಳಿಯಲಿಲ್ಲ. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಅದಕ್ಕೇ ಹೇಳುವುದು, ಮೊದಲು ಅಡ್ಡಗಾಜು, ಆಮೇಲೆ ಸೆನ್ಸರ್. ಕಪ್ಪಿನ ಪೈಪ್ ಹೊರಗೆ ಬಿಡಬೇಡಿ. ಬಿಡಲೇಬೇಕಾದರೆ ಒಂದು ಲೀಟರಿನ, ತುಂಬಿದರೆ ಸ್ಕಿಮ್ಮರ್ ಆರಿಸುವ ಸ್ವಿಚ್ ಇರುವ ಬಾಟಲಿಗೆ ಬಿಡಿ.

ಸ್ಕಿಮ್ಮರ್ರೇ ಬದಲಾಯಿಸಿದರೆ?

ಸಂಪ್ ಹೊರಗೆ ನಿಲ್ಲುವ, ಮೇಲಿನ ತೊಟ್ಟಿಯಿಂದ ನೇರ ನೀರು ಪಡೆಯುವ ಸ್ಕಿಮ್ಮರ್‌ಗಳಿವೆ. ಅವಕ್ಕೆ ಸಂಪ್ ಮಟ್ಟದ ಹಂಗಿಲ್ಲ. ಆದರೆ ದುಬಾರಿ, ಜಾಗ ಬೇಕು, ಸೋರಿದರೆ ನೇರ ನೆಲಕ್ಕೆ. ದೊಡ್ಡ ತೊಟ್ಟಿಯವರಿಗಷ್ಟೇ ಸರಿ. ಡಿಸಿ ಪಂಪಿನ ಸ್ಕಿಮ್ಮರ್ ತಂದರೆ ವೇಗ ಹೆಚ್ಚು ಕಡಿಮೆ ಮಾಡಬಹುದು, ಮಟ್ಟದ ಏರಿಳಿತ ಹಾಗೇ ಉಳಿಯುತ್ತದೆ. ತೊಟ್ಟಿ 80 ಲೀಟರಿಗಿಂತ ಚಿಕ್ಕದು, ಮೀನು ಒಂದೆರಡೇ ಅಂದರೆ ಸ್ಕಿಮ್ಮರ್ ಇಲ್ಲದೆಯೂ ನಡೆಸಬಹುದು. ವಾರಕ್ಕೆ ಹತ್ತರಲ್ಲೊಂದು ಭಾಗ ನೀರು ಬದಲಾಯಿಸಿದರೆ ಸಾಕು.

ತುಂಬುವ ನೀರು ಯಾವುದು

ದಿನಕ್ಕೆ ಆರು ಲೀಟರ್ ಅಂದರೆ ತಿಂಗಳಿಗೆ 180 ಲೀಟರ್, ಹೆಚ್ಚುಕಡಿಮೆ ಒಂದು ತೊಟ್ಟಿಯಷ್ಟು. ಆ ನೀರಿನಲ್ಲಿರುವ ಸುಣ್ಣ, ಫ್ಲೋರೈಡ್ ಎಲ್ಲ ತೊಟ್ಟಿಯಲ್ಲೇ ಕೂಡುತ್ತಾ ಹೋಗುತ್ತದೆ. ಹಾಗಾಗಿ ನಮ್ಮ ಬೋರ್ ನೀರು ಖಂಡಿತ ಬೇಡ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಒಂದು ಇಟ್ಟುಕೊಳ್ಳಿ. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ್ದಾಗಲಿ, ಮನೆ ಆರ್‌ಒದ್ದಾಗಲಿ, ಅಳೆದು ನೋಡಿ. 10ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಮನೆ ಮಷಿನ್ನಿನಲ್ಲಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇದ್ದರೆ ಅದಕ್ಕಿಂತ ಮೊದಲೇ ನೀರು ತೆಗೆಯಿರಿ. ಡಬ್ಬಕ್ಕೆ ಮುಚ್ಚಳ ಇರಲಿ. ಅದಿರಿನ ಲಾರಿ ಓಡುವ ರಸ್ತೆಯ ಪಕ್ಕದ ಮನೆಯಾದರೆ ಕೆಂಪು ಧೂಳು ಸ್ಕಿಮ್ಮರ್‌ನ ಗಾಳಿ ನಳಿಕೆಯನ್ನೂ ಕಟ್ಟುತ್ತದೆ. ನೊರೆ ಕಡಿಮೆಯಾದಾಗ ಮಟ್ಟದ ಜೊತೆ ಅದನ್ನೂ ನೋಡಿ.

ರಾಯಚೂರಿನ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಸ್ಕಿಮ್ಮರ್ ಇರಲಿ, ಸಂಪ್ ಬದಲಾಯಿಸಬೇಡ, ಅದರೊಳಗೇ ಒಂದು ಅಡ್ಡಗಾಜು ಹಾಕಿಸು, ಉಳಿದ ದುಡ್ಡಿನಲ್ಲಿ ಸೆನ್ಸರಿನ ಸೆಟ್ ಮತ್ತು 10 ಲೀಟರಿನ ಡಬ್ಬ ತಗೋ. ಅವನು ಹಾಸ್ಟೆಲ್, ಮನೆ ಅಂತ ಓಡಾಡುವವನು, ಬಾಲ್ ವಾಲ್ವ್ ತೊಳೆಯುತ್ತಾ ಕೂರಲಾರ. ಮೇಷ್ಟ್ರು ದಿನಾ ಸಂಜೆ ಮನೆಯಲ್ಲಿರುತ್ತಾರೆ, ಕೈಕೆಲಸವೂ ಬರುತ್ತದೆ. ಅವರಿಗೆ ಅಡ್ಡಗಾಜು ಮತ್ತು ಆರ್‌ಒ ಬಾಲ್ ವಾಲ್ವ್ ಸಾಕು.

ನೀವು ಯಾವುದನ್ನೇ ಹಾಕಿ, ಮೊದಲ ದಿನವೇ ಹಗಲು ಹೊತ್ತಿನಲ್ಲಿ ಮೇನ್ ಸ್ವಿಚ್ ಆರಿಸಿ ಪಕ್ಕದಲ್ಲಿ ಕೂತು ನೋಡಿ. 90 ಸೆಂ.ಮೀ. ಉದ್ದ, 45 ಅಗಲದ ತೊಟ್ಟಿಯಲ್ಲಿ ನೀರು ಎರಡು ಸೆಂ.ಮೀ. ಇಳಿದರೆ ಎಂಟು ಲೀಟರ್ ಸಂಪ್‌ಗೆ ಬರುತ್ತದೆ. ಅದು ತುಂಬಿ ಹೊರಗೆ ಬಂದರೆ ರಿಟರ್ನ್ ಖಾನೆಯ ಮಟ್ಟ ಇಳಿಸಿ, ಇಲ್ಲವೇ ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ತೂತು ಕೊರೆಯಿರಿ. ನೀರು ಅಷ್ಟು ಇಳಿದ ಕೂಡಲೇ ಅಲ್ಲಿಂದ ಗಾಳಿ ಒಳಗೆ ಹೋಗಿ ಹರಿವು ಕಡಿಯುತ್ತದೆ. ಆಮೇಲೆ ಸ್ವಿಚ್ ಹಾಕಿ. ರಿಟರ್ನ್ ಪಂಪ್ ಮೊದಲು ಓಡಲಿ, ಮಟ್ಟ ತನ್ನ ಜಾಗಕ್ಕೆ ಬರಲಿ. ಐದು ಹತ್ತು ನಿಮಿಷ ಬಿಟ್ಟು ಸ್ಕಿಮ್ಮರ್ ಹಾಕಿ. ನೀವಿಲ್ಲದಾಗಲೂ ಹೀಗೇ ಆಗಬೇಕಾದರೆ ಫ್ರಿಜ್ಜಿಗೆ ಹಾಕುವಂಥ, ತಡವಾಗಿ ಕರೆಂಟ್ ಬಿಡುವ ಪ್ಲಗ್ ಒಂದನ್ನು ಸ್ಕಿಮ್ಮರ್‌ಗೆ ಜೋಡಿಸಿ.